ಬಾಣಂತಿ ಉಂಡ ಎಣ್ಣೆ

ಧಾರವಾಡದ ನಮ್ಮ ಮನೆಯ ಫ್ರಿಜ್ಜಿನಲ್ಲಿ ಕಳೆದ ಬೇಸಿಗೆಯಲ್ಲಿ ಎರಡು ಪುಟ್ಟ ಗಾಜಿನ ಬಾಟಲಿ ಇದ್ದವು. ಒಂದರ ಮೇಲೆ ‘ಬೆಳಿಗ್ಗೆ 6’, ಇನ್ನೊಂದರ ಮೇಲೆ ‘ಸಂಜೆ 7’ ಎಂಬ ಚೀಟಿ. ಬಾಣಂತನಕ್ಕೆ ಬಂದಿದ್ದ ಅಕ್ಕನ ಮಗಳು ಕೆಲಸಕ್ಕೆ ಮರಳುವ ದಿನ ಹತ್ತಿರ ಬಂದಿತ್ತು. ಅದಕ್ಕೇ ಎದೆಹಾಲು ಹಿಂಡಿ ಇಡುವ ರೂಢಿ ಮಾಡಿಕೊಳ್ಳುತ್ತಿದ್ದಳು. ಎಂಟು ಹತ್ತು ತಾಸು ಅಲುಗದೆ ನಿಂತ ಹಾಲು ತಾನಾಗಿ ಎರಡು ಪದರ ಆಗಿತ್ತು: ಕೆಳಗೆ ನಸುನೀಲಿ ತಿಳಿ, ಮೇಲೆ ಕೆನೆ. ಬೆಳಗಿನ ಬಾಟಲಿಯಲ್ಲಿ ಕೆನೆ ನೂಲಿನೆಳೆಯಷ್ಟು. ಸಂಜೆಯದರಲ್ಲಿ ಕಿರುಬೆರಳ ಉಗುರಿನಷ್ಟು ದಪ್ಪ.

ಕೂಸು ನೋಡಲು ಬಂದ ಪಕ್ಕದ ಮನೆಯ ಅಜ್ಜಿ ಬೆಳಗಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಇದೇನವಾ, ಹಾಲು ಬರೀ ನೀರಿದ್ದಂಗ ಐತಿ. ಕೂಸಿನ ಹೊಟ್ಟಿ ಹ್ಯಾಂಗ ತುಂಬತೈತಿ?” ಅಂದರು. ಅಜ್ಜಿಯ ಮಾತಿನಲ್ಲಿ ಕೆಡುಕಿರಲಿಲ್ಲ, ಕಾಳಜಿಯೇ ಇತ್ತು. ಆದರೆ ಹುಡುಗಿಯ ಮುಖ ಇಳಿದುಹೋಯಿತು. ಸಂಜೆಯ ಹೊತ್ತಿಗೆ ಮನೆಯಲ್ಲಿ ಪುಡಿಹಾಲಿನ ಡಬ್ಬಿಯ ಮಾತು ಶುರುವಾಗಿತ್ತು.

‘ನೀರು ಹಾಲು’ ಎಂಬ ಈ ಒಂದು ಮಾತು ನಮ್ಮ ಸೀಮೆಯಲ್ಲಿ ಎಷ್ಟು ತಾಯಂದಿರ ಧೈರ್ಯ ಕಸಿದಿದೆಯೋ. ಆ ಎರಡು ಬಾಟಲಿಗಳ ವ್ಯತ್ಯಾಸಕ್ಕೆ ಕಾರಣ ಬಹಳ ಸರಳ. ಹಾಲಿನ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಎದೆಯೊಳಗಿನ ಹಾಲುಗೂಡುಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಎದೆ ತುಂಬಿದ್ದಾಗ ಮೊದಲು ಬರುವುದು ತೆಳುಹಾಲು. ಕೂಸು ಕುಡಿಯುತ್ತ ಎದೆ ಬರಿದಾದಂತೆ ಹನಿಗಳು ಸಡಿಲಗೊಂಡು ಇಳಿದುಬರುತ್ತವೆ. ಒಂದೇ ಸಲದ ಹಾಲೂಡಿಕೆಯಲ್ಲಿ ಮೊದಲ ಗುಟುಕಿಗೂ ಕೊನೆಯ ಗುಟುಕಿಗೂ ಕೊಬ್ಬು ಎರಡು ಮೂರು ಪಟ್ಟು ಹೆಚ್ಚಾಗುವುದುಂಟು. ರಾತ್ರಿ ಕೂಸು ನಿದ್ದೆ ಹೋಗಿ ಎದೆ ತುಂಬಿ ನಿಂತಿರುತ್ತದೆ, ಹಾಗಾಗಿ ಬೆಳಗಿನ ಹಾಲು ಹೆಚ್ಚು ಮತ್ತು ತೆಳು. ಸಂಜೆಯ ಹೊತ್ತಿಗೆ ಮತ್ತೆ ಮತ್ತೆ ಕುಡಿದು ಎದೆ ಬರಿದಾಗಿರುತ್ತದೆ, ಹಾಲು ಕಡಿಮೆ ಮತ್ತು ದಪ್ಪ. ಇಡೀ ದಿನದ ಲೆಕ್ಕ ಹಿಡಿದರೆ ಕೂಸಿಗೆ ಏನೂ ಕೊರತೆ ಇಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 71 ತಾಯಿ-ಕೂಸುಗಳನ್ನು ಹಗಲೂ ರಾತ್ರಿ ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೂಸು ದಿನಕ್ಕೆ ಸರಾಸರಿ 788 ಗ್ರಾಂ ಹಾಲು ಕುಡಿಯುತ್ತಿತ್ತು. ಲೀಟರಿಗೆ ಸುಮಾರು 41 ಗ್ರಾಂ ಕೊಬ್ಬು. ಪದೇ ಪದೇ ಸ್ವಲ್ಪ ಸ್ವಲ್ಪ ಕುಡಿದ ಕೂಸಿಗೂ ಒಂದೇ ಪಟ್ಟಿಗೆ ಹೊಟ್ಟೆ ತುಂಬ ಕುಡಿದ ಕೂಸಿಗೂ ದಿನದ ಕೊನೆಗೆ ಸೇರಿದ ಕೊಬ್ಬಿನಲ್ಲಿ ವ್ಯತ್ಯಾಸವಿರಲಿಲ್ಲ.

ಅಂದರೆ ದಿನಕ್ಕೆ ಮೂವತ್ತು ಗ್ರಾಂ ಮೀರಿದ ಕೊಬ್ಬು. ಆರೇಳು ಕಿಲೋ ತೂಗುವ ಜೀವಕ್ಕೆ ಇದು ಸಣ್ಣ ಮೊತ್ತವಲ್ಲ. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕೊಬ್ಬಿನಿಂದಲೇ ಬರುತ್ತದೆ. ಹುಟ್ಟಿದಾಗ 350ರಿಂದ 400 ಗ್ರಾಂ ಇರುವ ಮಿದುಳು ಒಂದು ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಬೆಳೆಯುತ್ತದೆ. ನೀರನ್ನು ಬಿಟ್ಟರೆ ಮಿದುಳಿನ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬೇ. ಅದರಲ್ಲೂ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಮಿದುಳಿನ ನರಕೋಶಗಳ ಪೊರೆಯಲ್ಲಿ, ಕಣ್ಣಿನ ಅಕ್ಷಿಪಟಲದಲ್ಲಿ ದಟ್ಟವಾಗಿ ಸೇರಿಕೊಳ್ಳುತ್ತದೆ. ಬಸುರಿನ ಕೊನೆಯ ಮೂರು ತಿಂಗಳು ಕರುಳಬಳ್ಳಿಯ ಮೂಲಕ, ಹೆರಿಗೆಯಾದ ಮೇಲೆ ಎದೆಹಾಲಿನ ಮೂಲಕ ತಾಯಿಯೇ ಅದನ್ನು ಒದಗಿಸಬೇಕು.

ಕೊಬ್ಬಿನ ಜೋಡಣೆಯಲ್ಲೂ ಒಂದು ಕುಶಲತೆ ಇದೆ. ಪ್ರತಿ ಕೊಬ್ಬಿನ ಕಣದಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಬೆನ್ನೆಲುಬಿಗೆ ಕೂತಿರುತ್ತವೆ. ಎದೆಹಾಲಿನಲ್ಲಿ ಪಾಮಿಟಿಕ್ ಆಮ್ಲದ ಬಹುಪಾಲು ನಟ್ಟನಡುವಿನ ಸ್ಥಾನದಲ್ಲಿ ಕೂರುತ್ತದೆ. ಹೊಟ್ಟೆಯಲ್ಲಿ ಜೀರ್ಣಕಿಣ್ವ ಕಡಿಯುವುದು ಎರಡು ತುದಿಗಳನ್ನು. ನಡುವಿನದು ಹಾಗೆಯೇ ಉಳಿದು ಸಲೀಸಾಗಿ ಒಳಸೇರುತ್ತದೆ. ತಾಳೆ ಎಣ್ಣೆಯಲ್ಲಿ ಅದೇ ಆಮ್ಲ ತುದಿಗಳಲ್ಲಿ ಇರುತ್ತದೆ. ಕಡಿದು ಬಿಡಿಯಾದ ಕೂಡಲೇ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂತೆ ಗಟ್ಟಿಯಾಗುತ್ತದೆ. ತಾಳೆ ಎಣ್ಣೆಯ ಪುಡಿಹಾಲು ಕುಡಿದ ಕೂಸಿನ ಮಲ ಗಟ್ಟಿಯಾಗಲು ಇದೊಂದು ಕಾರಣ.

ಈ ಕೊಬ್ಬು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ 1959ರಲ್ಲೇ ನ್ಯೂಯಾರ್ಕ್‌ನ ವಿಜ್ಞಾನಿಗಳು ಚೊಕ್ಕವಾದ ಉತ್ತರ ಕಂಡುಕೊಂಡರು. ವಿಲಿಯಂ ಇನ್ಸುಲ್, ಎಡ್ವರ್ಡ್ ಅಹ್ರೆನ್ಸ್ ಮತ್ತು ಸಂಗಡಿಗರು ಹಾಲೂಡಿಸುವ ತಾಯಿಯ ಊಟವನ್ನು ತೂಗಿ ಅಳೆದು ಕೊಟ್ಟು, ಹಾಲು ಹೇಗೆ ಬದಲಾಗುತ್ತದೆ ಎಂದು ನೋಡಿದರು. ಊಟದಲ್ಲಿ ಮೆಕ್ಕೆಜೋಳದ ಎಣ್ಣೆ ಕೊಟ್ಟಾಗ ಹಾಲಿನ ಕೊಬ್ಬು ಮೆಕ್ಕೆಜೋಳದ ಎಣ್ಣೆಯ ಹತ್ತಿರಕ್ಕೆ ಬಂತು. ಕೊಬ್ಬಿಲ್ಲದ ಊಟ, ಅದೂ ಅರೆಹೊಟ್ಟೆ ಕೊಟ್ಟಾಗ ತಾಯಿಯ ಮೈಯಲ್ಲಿ ಕೂಡಿದ್ದ ಕೊಬ್ಬೇ ಕರಗಿ ಹಾಲಿಗೆ ಬಂತು. ಕೊಬ್ಬಿಲ್ಲದೆ ಹೊಟ್ಟೆ ತುಂಬ ಪಿಷ್ಟ, ಸಕ್ಕರೆ ಕೊಟ್ಟಾಗ ಎದೆಯೇ ಆ ಸಕ್ಕರೆಯಿಂದ ಲಾರಿಕ್, ಮಿರಿಸ್ಟಿಕ್ ಎಂಬ ಗಿಡ್ಡ ಕೊಬ್ಬಿನಾಮ್ಲಗಳನ್ನು ಕಟ್ಟಿಕೊಂಡಿತು. ಮುಂದೆ 1998ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ತಾಯಿ ಉಂಡ ಕೊಬ್ಬು ಆರು ತಾಸಿನೊಳಗೆ ಹಾಲಿನಲ್ಲಿ ಕಾಣಿಸಿಕೊಂಡಿತು. ತೆಂಗಿನೆಣ್ಣೆಯದು ಸುಮಾರು ಹದಿನಾಲ್ಕು ತಾಸಿಗೆ, ಮೀನೆಣ್ಣೆಯದು ಒಂದು ದಿನದ ಹೊತ್ತಿಗೆ ತುತ್ತತುದಿ ಮುಟ್ಟಿತು. ಮಧ್ಯಾಹ್ನ ಉಂಡ ಕೊಬ್ಬರಿ ಚಟ್ನಿ ರಾತ್ರಿ ಕೂಸಿನ ಬಾಯಿಗೆ ತಲುಪಿರುತ್ತದೆ ಅಂದಾಯಿತು.

ನಾನು ಈ ಲೇಖನದಲ್ಲಿ ಹೇಳಲು ಹೊರಟಿರುವುದು ಇದೇ. ಹಾಲಿನಲ್ಲಿ ಕೊಬ್ಬು ‘ಎಷ್ಟು’ ಎಂಬುದು ತಾಯಿಯ ಊಟದಿಂದ ಹೆಚ್ಚೇನೂ ಬದಲಾಗುವುದಿಲ್ಲ. ಊಟ ಸಾಲದಿದ್ದರೆ ಅವಳ ಮೈಯೇ ಕರಗಿ ಅಷ್ಟನ್ನೂ ತುಂಬಿಕೊಡುತ್ತದೆ. ಆದರೆ ‘ಎಂಥ’ ಕೊಬ್ಬು ಎಂಬುದನ್ನು ಅವಳ ತಟ್ಟೆ ನಿರ್ಧರಿಸುತ್ತದೆ, ಅವಳ ತಟ್ಟೆಗೆ ಏನು ಬೀಳಬೇಕೆಂದು ಮನೆಯವರು ನಿರ್ಧರಿಸುತ್ತಾರೆ. ಆದರೂ ಹಾಲಿನ ಗುಣದ ಹೊಣೆಯನ್ನೆಲ್ಲ ಬಾಣಂತಿಯೊಬ್ಬಳ ತಲೆಗೇ ಕಟ್ಟುತ್ತೇವೆ.

ಕೊಬ್ಬಿನಾಮ್ಲ ಅಂದರೆ ಬರೀ ಶಕ್ತಿ ಅಲ್ಲ ಎಂದು ಜಗತ್ತಿಗೆ ಗೊತ್ತಾಗಿ ನೂರು ವರ್ಷವೂ ಆಗಿಲ್ಲ. 1929ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಬೆಳವಣಿಗೆ ನಿಂತಿತು, ಬಾಲದ ಚರ್ಮ ಹುರುಪೆಯಾಗಿ ಸುಲಿಯಿತು. ಲಿನೋಲಿಕ್ ಆಮ್ಲ ಇರುವ ಎಣ್ಣೆಯ ಕೆಲವೇ ಹನಿ ಕೊಟ್ಟರೆ ಸಾಕು, ಚೇತರಿಸಿಕೊಂಡವು. ಮೈ ತಾನಾಗಿ ತಯಾರಿಸಿಕೊಳ್ಳಲಾರದ, ಊಟದಿಂದಲೇ ಬರಬೇಕಾದ ಕೊಬ್ಬೂ ಇದೆ ಎಂಬುದು ಅಂದಿನ ವಿದ್ವಾಂಸರಿಗೆ ನಂಬಲು ಕಷ್ಟವಾಗಿತ್ತು.

ಅಂಥ ಕೊಬ್ಬು ಎರಡು. ಒಂದು ಲಿನೋಲಿಕ್, ಅದು ಒಮೆಗಾ-6ರ ಬೇರು. ಇನ್ನೊಂದು ಆಲ್ಫಾ ಲಿನೋಲೆನಿಕ್, ಒಮೆಗಾ-3ರ ಬೇರು. ಈ ಎರಡನ್ನೂ ಉದ್ದ ಮಾಡಿ ಮಿದುಳಿಗೆ ಬೇಕಾದ ರೂಪಕ್ಕೆ ತರುವ ಕಿಣ್ವ ಮಾತ್ರ ಒಂದೇ. ಒಂದೇ ಗಿರಣಿಗೆ ಎರಡು ಮನೆಯ ಜೋಳ ಬಂದ ಹಾಗೆ. ಒಬ್ಬರು ಹತ್ತು ಚೀಲ ತಂದು ಇಳಿಸಿದರೆ ಇನ್ನೊಬ್ಬರ ಒಂದು ಸೇರಿನ ಪಾಳಿ ಬರುವುದೇ ಇಲ್ಲ.

ಇಂದಿನ ನಮ್ಮ ಅಡುಗೆಮನೆಗಳಲ್ಲಿ ಆಗಿರುವುದು ಅದೇ. ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ನೂರಕ್ಕೆ ಅರವತ್ತರ ಆಸುಪಾಸು, ಒಮೆಗಾ-3 ಇಲ್ಲವೇ ಇಲ್ಲ ಅನ್ನುವಷ್ಟು. ಶೇಂಗಾ ಎಣ್ಣೆಯಲ್ಲೂ ಒಮೆಗಾ-3 ಇಲ್ಲ. ತಾಳೆ ಎಣ್ಣೆಯಲ್ಲೂ ಇಲ್ಲ, ತೆಂಗಿನೆಣ್ಣೆಯಲ್ಲೂ ಇಲ್ಲ. ಹಾಗಾದರೆ ಹಿಂದಿನವರೆಲ್ಲ ಸರಿಯಾಗಿ ಉಣ್ಣುತ್ತಿದ್ದರೇ ಎಂದು ಕೇಳಿದರೆ ಉತ್ತರ ಅಷ್ಟು ನೇರವಿಲ್ಲ. ಉತ್ತರ ಕರ್ನಾಟಕದ ಹಳೆಯ ಗಾಣದ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಇನ್ನೂ ಹೆಚ್ಚು, ನೂರಕ್ಕೆ ಎಪ್ಪತ್ತರ ಮೇಲೆ. ಗುರೆಳ್ಳಿನದೂ ಅದೇ ಕತೆ. ಆದರೆ ಅದೇ ಹೊಲದ ಅಂಚಿನಲ್ಲಿ, ಅದೇ ತಟ್ಟೆಯ ಅಂಚಿನಲ್ಲಿ ಅಗಸಿಯೂ ಇರುತ್ತಿತ್ತು.

ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಮೆಗಾ-3ರ ಬೇರಾದ ಲಿನೋಲೆನಿಕ್ ಆಮ್ಲವೇ. ನಮ್ಮವ್ವ ಅಗಸಿ ಹಿಂಡಿ ಮಾಡುತ್ತಿದ್ದುದು ನನ್ನ ಕಣ್ಣಮುಂದೆ ಇದೆ. ಕಬ್ಬಿಣದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೀಜ ಹಾಕಿದರೆ ಮೊದಲು ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೆ ಚಟಪಟ ಸಿಡಿದು ಹಂಚಿನಿಂದ ಹೊರಗೆ ಹಾರತೊಡಗುತ್ತದೆ. ಆ ಸದ್ದು ಇಳಿಯುವ ಮೊದಲೇ ಇಳಿಸಬೇಕು, ತಡವಾದರೆ ಕಹಿ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು, ಚೂರು ಹುಣಸೆ ಹಾಕಿ ಒರಳಲ್ಲಿ ಕುಟ್ಟಿದರೆ ಪುಡಿ ಜಿಡ್ಡಾಗಿ ಒನಕೆಗೆ ಹತ್ತುತ್ತದೆ. ಆ ಜಿಡ್ಡೇ ನಾವು ಹುಡುಕುತ್ತಿರುವ ಕೊಬ್ಬು. ಕುಟ್ಟುವುದು ರುಚಿಗೆ ಮಾತ್ರವಲ್ಲ: ಇಡೀ ಬೀಜ ನುಂಗಿದರೆ ಅದರ ಗಟ್ಟಿ ಸಿಪ್ಪೆ ಒಡೆಯದೆ ಹಾಗೇ ಹೊರಬೀಳುತ್ತದೆ. ಹಾಲೂಡಿಸುವ ತಾಯಿಗೆ ದಿನಕ್ಕೆ 1.3 ಗ್ರಾಂ ಲಿನೋಲೆನಿಕ್ ಆಮ್ಲ ಸಾಕೆಂಬುದು ಅಮೆರಿಕದ ಪೋಷಣಾ ತಜ್ಞರ ಲೆಕ್ಕ. ಒಂದು ದೊಡ್ಡ ಚಮಚ ಅಗಸಿ ಪುಡಿಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ.

ಬಾಣಂತಿಗೆ ಹಾಲು ಹೆಚ್ಚಲಿ ಎಂದು ಕೊಡುವ ಆಳ್ವಿ ಪಾಯಸವನ್ನೂ ಇಲ್ಲಿ ನೆನೆಯಬೇಕು. ನೀರಿಗೆ ಹಾಕಿದರೆ ಲೋಳೆ ಬಿಡುವ ಆ ಕೆಂಪು ಬೀಜದ ಎಣ್ಣೆಯಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ ಲಿನೋಲೆನಿಕ್ ಆಮ್ಲ. ಆಳ್ವಿಯಿಂದ ಹಾಲು ಹೆಚ್ಚುತ್ತದೆ ಎಂದು ನಾನು ಹೇಳಲಾರೆ. ಹಾಲು ಹೆಚ್ಚುವುದು ಕೂಸು ಹೆಚ್ಚು ಸಲ ಚೀಪಿದಾಗ. ಆದರೆ ಹಾಲಿನೊಳಗೆ ಸೇರಬೇಕಾದ ಒಂದು ಪದಾರ್ಥ ಆ ಬಟ್ಟಲಲ್ಲಿ ಇತ್ತು ಎಂಬುದಂತೂ ನಿಜ.

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರಿಗೆ ಮೋಸ ಮಾಡಿದಂತೆ. ಅಗಸಿ ತಿಂದರೆ ಎದೆಹಾಲಿನ ಡಿಎಚ್‌ಎ ಏರುತ್ತದೆಯೇ? ಅಮೆರಿಕದಲ್ಲಿ ಏಳು ತಾಯಂದಿರಿಗೆ ನಾಲ್ಕು ವಾರ ದಿನಕ್ಕೆ 20 ಗ್ರಾಂ ಅಗಸಿ ಎಣ್ಣೆ ಕೊಟ್ಟು ನೋಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಹಾಲಿನಲ್ಲಿ ಲಿನೋಲೆನಿಕ್ ಆಮ್ಲ ಜಿಗಿದು ಏರಿತು, ಡಿಎಚ್‌ಎ ಮಾತ್ರ ಇದ್ದಲ್ಲೇ ಇತ್ತು. ಬೇರನ್ನು ಡಿಎಚ್‌ಎ ಆಗಿ ಬದಲಿಸುವ ಶಕ್ತಿ ಮನುಷ್ಯರಲ್ಲಿ ಕಡಿಮೆ. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು, ಆದರೂ ಕಡಿಮೆಯೇ. ಕೂಸಿನ ಮೈ ಕೂಡ ಅಷ್ಟಿಷ್ಟು ಬದಲಿಸಿಕೊಳ್ಳುತ್ತದೆ, ಹಾಗಾಗಿ ಹಾಲಿನಲ್ಲಿ ಬೇರು ಇರುವುದೂ ವ್ಯರ್ಥವಲ್ಲ. ನೇರವಾಗಿ ಡಿಎಚ್‌ಎ ಬೇಕೆಂದರೆ ಅದು ಸಮುದ್ರದ ಪಾಚಿಯಲ್ಲಿದೆ, ಪಾಚಿ ತಿಂದ ಮೀನಿನಲ್ಲಿದೆ, ಸ್ವಲ್ಪ ಮಟ್ಟಿಗೆ ಮೊಟ್ಟೆಯ ಹಳದಿಯಲ್ಲಿದೆ.

ಜಗತ್ತಿನ ನಾನಾ ಕಡೆಯ 65 ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಬಂದ ಲೆಕ್ಕದಲ್ಲಿ ಎದೆಹಾಲಿನ ಕೊಬ್ಬಿನಲ್ಲಿ ಡಿಎಚ್‌ಎ ಸರಾಸರಿ ನೂರಕ್ಕೆ 0.32. ಆದರೆ ಆ ಸರಾಸರಿಯ ಆಚೀಚೆ ಹರವು ಅಗಾಧ: 0.06ರಿಂದ 1.4ರವರೆಗೆ. ಕಡಲ ದಂಡೆಯ, ಮೀನುಂಡು ಬದುಕುವ ಜನರ ಹಾಲಿನಲ್ಲಿ ಹೆಚ್ಚು, ಒಳನಾಡಿನವರದರಲ್ಲಿ ಕಡಿಮೆ. ಮನುಷ್ಯಕುಲದ ಎಲ್ಲ ತಾಯಂದಿರ ಹಾಲಿನಲ್ಲಿ ಸಕ್ಕರೆ, ಪ್ರೊಟೀನು ಹೆಚ್ಚು ಕಡಿಮೆ ಒಂದೇ ತರಹ ಇರುವಾಗ ಈ ಒಂದು ಅಂಶದಲ್ಲಿ ಊರಿಗೊಂದು ಹಾಲು. ಮಲ್ಪೆ, ಕಾರವಾರದ ಕಡೆ ಬಾಣಂತಿಗೆ ಸಾರು ಮಾಡಿ ಬಡಿಸುವ ಬೂತಾಯಿ, ಬಂಗುಡೆ ಬಡವರ ಮೀನು ಅನಿಸಿಕೊಂಡರೂ ಒಮೆಗಾ-3ರಲ್ಲಿ ದೊಡ್ಡ ದುಡ್ಡಿನ ಮೀನುಗಳಿಗಿಂತ ಒಂದು ಕೈ ಮೇಲೆ. ಸಣ್ಣ ಮೀನಾದ್ದರಿಂದ ಪಾದರಸದ ಅಂಜಿಕೆಯೂ ಕಡಿಮೆ. ಹಾಲು ಹೆಚ್ಚಿಸುತ್ತದೆಂದು ತಿನ್ನಿಸುವ ಶಾರ್ಕ್ ಜಾತಿಯ ಮೀನಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ದೊಡ್ಡ ಬೇಟೆ ಮೀನುಗಳ ಮಾಂಸದಲ್ಲಿ ಪಾದರಸ ಕೂಡಿಕೊಳ್ಳುತ್ತದೆ.

ಹಾಲೂಡಿಸುವ ತಾಯಿಗೆ ದಿನಕ್ಕೆ 200 ಮಿಲಿಗ್ರಾಂ ಡಿಎಚ್‌ಎ ಸಿಗಬೇಕೆಂಬುದು ತಜ್ಞರ ಶಿಫಾರಸು. ಸಸ್ಯಾಹಾರಿ ಮನೆಯ ಬಾಣಂತಿಗೆ, ಮೀನು ಕಾಣದ ಬಯಲುಸೀಮೆಯವಳಿಗೆ ಅದರ ಹತ್ತಿರಕ್ಕೂ ಹೋಗಲಾಗದು. ಹಾಗಾದರೆ ಮಾತ್ರೆ ಕೊಟ್ಟರಾಯಿತಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಪ್ರಯೋಗವೊಂದು ನಮ್ಮ ಬೆಳಗಾವಿಯಲ್ಲೇ ನಡೆಯಿತು. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಪ್ರಭಾಕರ ಕೋರೆ ಆಸ್ಪತ್ರೆಗೆ ಬರುತ್ತಿದ್ದ 957 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ದಿನಕ್ಕೆ 400 ಮಿಲಿಗ್ರಾಂ, ಇನ್ನೊಂದಕ್ಕೆ ಮೆಕ್ಕೆಜೋಳ-ಸೋಯಾ ಎಣ್ಣೆಯ ಅಂಥದೇ ಮಾತ್ರೆ. ಐದು ತಿಂಗಳು ತುಂಬುವ ಮುನ್ನ ಶುರುಮಾಡಿ ಹೆರಿಗೆಯಾಗಿ ಆರು ತಿಂಗಳವರೆಗೆ ಕೊಟ್ಟರು. ‘ಧನಿ’ ಎಂದು ಹೆಸರಾದ ಈ ಪ್ರಯೋಗದಲ್ಲಿ ಡಿಎಚ್‌ಎ ತೆಗೆದುಕೊಂಡ ತಾಯಂದಿರ ರಕ್ತದಲ್ಲಿ, ಎದೆಹಾಲಿನಲ್ಲಿ ಅದರ ಮಟ್ಟ ಏರಿತು. ಆದರೆ ಕೂಸುಗಳಿಗೆ ಒಂದು ವರ್ಷ ತುಂಬಿದಾಗ ಬೆಳವಣಿಗೆಯ ಪರೀಕ್ಷೆ ಮಾಡಿ ನೋಡಿದರೆ ಎರಡು ಗುಂಪಿನ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಸ್ಟ್ರೇಲಿಯಾದಲ್ಲಿ 2,399 ಗರ್ಭಿಣಿಯರಿಗೆ ಮೀನೆಣ್ಣೆ ಕೊಟ್ಟು 2010ರಲ್ಲಿ ವರದಿ ಮಾಡಿದ ಪ್ರಯೋಗದಲ್ಲೂ ಅಷ್ಟೇ. ಮಕ್ಕಳ ಬುದ್ಧಿ ಚುರುಕಾಗಲಿಲ್ಲ, ತಾಯಂದಿರ ಹೆರಿಗೆ ನಂತರದ ಖಿನ್ನತೆಯೂ ಕಡಿಮೆಯಾಗಲಿಲ್ಲ.

ಬೆಳಗಾವಿಯ ಫಲಿತಾಂಶವನ್ನು ನಾನು ಸೋಲು ಅನ್ನುವುದಿಲ್ಲ. ತಿಂಗಳಿಗೊಮ್ಮೆ ಹೊಸ ಡಬ್ಬಿ ಕೊಳ್ಳಲು ಒದ್ದಾಡುವ ಮನೆಗಳಿಗೆ ಅದು ದೊಡ್ಡ ಸಮಾಧಾನ. ಎರಡು ವರ್ಷದೊಳಗಿನ ಮಕ್ಕಳ ಹಾಲುಪುಡಿಗೆ ಜಾಹೀರಾತು ಕೊಡುವುದನ್ನು ಭಾರತ 1992ರ ಕಾನೂನಿನಿಂದಲೇ ನಿಷೇಧಿಸಿದೆ. ಆದರೆ ಬಾಣಂತಿಗೆಂದು ಮಾರುವ ಪುಡಿಗಳ ಮೇಲೆ ಡಿಎಚ್‌ಎ ಎಂಬ ಹೆಸರು, ಪಕ್ಕದಲ್ಲಿ ನಗುವ ಕೂಸಿನ ಚಿತ್ರ ಕಂಡರೆ ಯಾವ ತಾಯಿಯ ಜೀವ ಸುಮ್ಮನಿದ್ದೀತು? ಕೊಳ್ಳಲಾಗದ ತಾಯಿ ತಾನು ಮಗುವಿನ ಮಿದುಳಿಗೆ ಏನೋ ಕಡಿಮೆ ಮಾಡಿದೆ ಎಂದು ಕೊರಗಬೇಕಿಲ್ಲ. ಬಸುರಿನ ಮಾತು ಬೇರೆ. 70 ಪ್ರಯೋಗಗಳನ್ನು ಒರೆಗೆ ಹಚ್ಚಿದ 2018ರ ಕೊಕ್ರೇನ್ ವಿಮರ್ಶೆಯಲ್ಲಿ, ಬಸುರಿಯಾಗಿದ್ದಾಗ ಒಮೆಗಾ-3 ಪಡೆದವರಲ್ಲಿ 34 ವಾರದೊಳಗಿನ ಹೆರಿಗೆ ನೂರಕ್ಕೆ 42ರಷ್ಟು ಕಡಿಮೆಯಾಗಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 676 ಗರ್ಭಿಣಿಯರನ್ನು ಗಮನಿಸಿ 2009ರಲ್ಲಿ ಬರೆದದ್ದೂ ಅದಕ್ಕೆ ಹತ್ತಿರವಾಗಿದೆ: ಕೊನೆಯ ತಿಂಗಳುಗಳಲ್ಲಿ ಮೀನು ತಿನ್ನದವರಲ್ಲಿ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಹೆಚ್ಚಿತ್ತು.

ಸಸ್ಯಾಹಾರಿಗಳಿಗೆ ಪ್ರಕೃತಿ ಒಂದು ಊರುಗೋಲು ಕೊಟ್ಟಂತಿದೆ. ಪುಣೆಯ ಜನರನ್ನು ಅಮೆರಿಕದವರೊಂದಿಗೆ ಹೋಲಿಸಿದ 2016ರ ಅಧ್ಯಯನದಲ್ಲಿ, ಬೇರು ಕೊಬ್ಬನ್ನು ಉದ್ದ ಮಾಡುವ ಜೀನಿನ ಚುರುಕು ರೂಪ ಪುಣೆಯವರಲ್ಲಿ ನೂರಕ್ಕೆ 68 ಮಂದಿಗೆ ತಾಯಿ-ತಂದೆ ಇಬ್ಬರಿಂದಲೂ ಬಂದಿತ್ತು, ಅಮೆರಿಕದವರಲ್ಲಿ 18 ಮಂದಿಗೆ. ತಲೆಮಾರುಗಟ್ಟಲೆ ಕಾಳು, ಸೊಪ್ಪು ಉಂಡು ಬದುಕಿದವರ ಮೈ ಕಲಿತ ಜಾಣತನವಿದು. ಆದರೆ ಈ ಚುರುಕು ಗಿರಣಿಗೆ ಬರೀ ಸೂರ್ಯಕಾಂತಿ ಎಣ್ಣೆ ಸುರಿದರೆ ಅದು ಒಮೆಗಾ-6ನ್ನೇ ಇನ್ನಷ್ಟು ಚುರುಕಾಗಿ ಬೀಸಿ ಕೊಡುತ್ತದೆ ಎಂಬ ಎಚ್ಚರಿಕೆಯನ್ನೂ ಅದೇ ವಿಜ್ಞಾನಿಗಳು ಕೊಟ್ಟರು.

ದಿನ ತುಂಬದೆ ಹುಟ್ಟಿದ ಕೂಸುಗಳ ಲೆಕ್ಕವೇ ಬೇರೆ. ಕೊನೆಯ ಮೂರು ತಿಂಗಳ ಡಿಎಚ್‌ಎ ಅವಕ್ಕೆ ತಪ್ಪಿಹೋಗಿರುತ್ತದೆ. 29 ವಾರದೊಳಗೆ ಹುಟ್ಟಿದ ಮಕ್ಕಳಿಗೆ ಡಿಎಚ್‌ಎ ಕೊಟ್ಟ ಪ್ರಯೋಗದಲ್ಲಿ ಶ್ವಾಸಕೋಶಕ್ಕೆ ಉಪಯೋಗ ಕಾಣಲಿಲ್ಲ, ಆದರೆ ಐದು ವರ್ಷದ ಹೊತ್ತಿಗೆ ಬುದ್ಧಿಮಟ್ಟ ಮೂರೂವರೆ ಅಂಕ ಹೆಚ್ಚಿತ್ತು ಎಂದು 2022ರಲ್ಲಿ ವರದಿಯಾಯಿತು. ಅದು ವೈದ್ಯರ ಕಣ್ಣೆದುರೇ ನಡೆಯಬೇಕಾದ ಚಿಕಿತ್ಸೆ. ಇಂಥ ಕೂಸುಗಳಿಗಾಗಿಯೇ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕು ತೆರೆಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಶುರುವಾಯಿತು. ದಾನದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿದಾಗ ರೋಗಾಣು ಸಾಯುತ್ತವೆ, ಕೊಬ್ಬಿನಾಮ್ಲ ಉಳಿಯುತ್ತದೆ. ಆದರೆ ಕೊಬ್ಬು ಅರಗಿಸಲೆಂದು ತಾಯಿ ಹಾಲಿನೊಳಗೇ ಇಟ್ಟು ಕಳಿಸಿದ ಲೈಪೇಸ್ ಕಿಣ್ವ ಕೆಟ್ಟುಹೋಗುತ್ತದೆ. ಅದಕ್ಕೇ ಹೆತ್ತ ತಾಯಿಯ ಹಸಿಹಾಲು ಹನಿಯಷ್ಟು ಸಿಕ್ಕರೂ ದಾದಿಯರು ಅದನ್ನು ಮೊದಲು ಕೊಡುತ್ತಾರೆ.

ಮತ್ತೆ ತಾಯಿಗೆ ಬರೋಣ. ಹಾಲೂಡಿಸುವ ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ 600 ಕಿಲೋಕ್ಯಾಲರಿ ಹೆಚ್ಚು ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು. ಹೆಚ್ಚು ಕಡಿಮೆ ಒಂದು ಹೊತ್ತಿನ ತುಂಬು ಊಟ. ಉಳ್ಳವರ ಮನೆಯಲ್ಲಿ ತುಪ್ಪ, ಒಣಕೊಬ್ಬರಿ, ಅಂಟಿನುಂಡಿ ಎಂದು ಅದನ್ನು ಮೀರಿಯೇ ಕೊಡುತ್ತಾರೆ. ಇಲ್ಲದವರ ಮನೆಯಲ್ಲಿ ಪಥ್ಯದ ಹೆಸರಲ್ಲಿ ಸೊಪ್ಪಿಲ್ಲ, ಕಾಳಿಲ್ಲ, ನೀರೂ ಅಳೆದು. ಅನ್ನ, ಮೆಣಸಿನ ಸಾರು ಅಷ್ಟೇ. ಆ ತಾಯಿಯ ಕೂಸು ಬೆಳೆಯುವುದನ್ನು ನೋಡಿ ಎಲ್ಲರೂ ಹಿಗ್ಗುತ್ತಾರೆ, ಅವಳ ಕೆನ್ನೆ ಒಳಸೇರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಲಿನ ಕೊಬ್ಬು ಎಲ್ಲಿಂದ ಬಂತೆಂದು 1959ರಲ್ಲಿ ಕಂಡ ಉತ್ತರವೇ ಅವಳ ಮೈಯಲ್ಲಿ ಕಾಣುತ್ತಿರುತ್ತದೆ.

ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ‘ಮಾತೃಪೂರ್ಣ’ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಸಿಗುವ ಏರ್ಪಾಡಾಯಿತು. ಅದು ನಮ್ಮ ಕಾಲದ ಒಳ್ಳೆಯ ಕೆಲಸಗಳಲ್ಲೊಂದು ಎಂದೇ ನನ್ನ ಎಣಿಕೆ. ಆ ಮೊಟ್ಟೆಯಲ್ಲಿ ಕೊಂಚ ಡಿಎಚ್‌ಎ ಇದೆ. ಊಟದ ಪಕ್ಕ ಒಂದು ಚಮಚ ಅಗಸಿ ಹಿಂಡಿಯನ್ನೂ ಬಡಿಸಿದರೆ, ಅದೂ ಅಗಸಿ ಬೆಳೆಯುವ ನಮ್ಮ ಎರೆಭೂಮಿಯ ಜಿಲ್ಲೆಗಳಲ್ಲಿ, ಯಾರಿಗೂ ಹೊರೆಯಾಗದು. ಜೊತೆಗೆ ಬೇಕರಿಯ ಖಾರಿ, ಪಫ್ಸು, ವನಸ್ಪತಿಯ ತಿಂಡಿ ಬಾಣಂತಿಯ ತಟ್ಟೆಯಿಂದ ದೂರವಿರಲಿ. ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2 ಮೀರಬಾರದೆಂಬ ನಿಯಮ 2022ರಿಂದ ಇದೆ. ಆದರೂ ತಿಂದ ಟ್ರಾನ್ಸ್ ಕೊಬ್ಬು ಸೋಸದೆ ಹಾಲಿಗೆ ಇಳಿಯುತ್ತದೆ.

ಪುಡಿಹಾಲಿನ ಡಬ್ಬಿ ಕೊನೆಗೂ ನಮ್ಮ ಮನೆಗೆ ಬರಲಿಲ್ಲ. ಎರಡೂ ಬಾಟಲಿಗಳನ್ನು ಮೆಲ್ಲಗೆ ತಿರುವಿ ಕೆನೆ ಬೆರೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಕೂಸಿಗೆ ಕುಡಿಸಿದೆವು. ಅಜ್ಜಿಯನ್ನು ಕರೆದು ಯಾಕೆ ಹೀಗೆ ಎಂದು ತೋರಿಸಿದಾಗ ಅವರು ಬಾಟಲಿಯನ್ನು ಬಹಳ ಹೊತ್ತು ನೋಡಿದರು. “ನಮ್ಮ ಕಾಲದಾಗ ಯಾರ್ ಹೇಳಿದ್ರವಾ ಇದನ್ನ” ಅಂದರು. ತಮ್ಮ ಎರಡನೆಯ ಮಗನಿಗೆ ಹಾಲು ಬಿಡಿಸಿದ್ದು ನಾಲ್ಕನೇ ತಿಂಗಳಿಗೇ, ಅದೇ ನೀರು ಹಾಲಿನ ಮಾತಿಗೆ ಹೆದರಿ, ಎಂದು ಅವತ್ತು ಮೊದಲ ಸಲ ಹೇಳಿದರು.

ಕೆಲಸಕ್ಕೆ ಹೋದ ಮೊದಲ ದಿನ ಅಕ್ಕ ಮಗಳ ಡಬ್ಬಿಗೆ ಮೂರು ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಮೊಸರು, ಅಗಸಿ ಹಿಂಡಿ ಕಟ್ಟಿದಳು. ಹಿಂಡಿಯನ್ನು ಪಕ್ಕದ ಮನೆಯ ಅಜ್ಜಿಯೇ ಕುಟ್ಟಿ ತಂದಿದ್ದರು. ಸಂಜೆ ಹುಡುಗಿ ಮನೆಗೆ ಬಂದಾಗ ಡಬ್ಬಿ ಖಾಲಿಯಾಗಿತ್ತು, ಚೀಲದಲ್ಲಿ ಎರಡು ಬಾಟಲಿ ತುಂಬಿದ್ದವು.